ಹದಿನೇಳನೆಯ ಪೆಟ್ಟಿಗೆಯ ಮುಂದೆ

ಎಂಟನೆಯ ಚುಕ್ಕಿ ಮತ್ತೆ ಎರಡು ಹೆಜ್ಜೆ ಹಿಂದಕ್ಕೆ ಸರಿಯಿತು. ಒಂದು ಕ್ಷಣ ನಿಂತಿತು. ಮತ್ತೆ ಮುಂದೆ ಬಂದು ಹದಿನೇಳನೆಯ ಪೆಟ್ಟಿಗೆಗೆ ಅಂಟಿಕೊಂಡಿತು.

"ಸಿಗ್ನಲ್ ಕುಣೀತಿದೆ ಸಾರ್," ಎಂದ ಎಂಜಿನಿಯರ್, ಪರದೆಯಿಂದ ಕಣ್ಣು ತೆಗೆಯದೆ. "ನಿನ್ನೆ ಸರಿಯಾಗೇ ಇತ್ತು."

ಸಿಗ್ನಲ್ ಕುಣಿಯುತ್ತಿಲ್ಲವೆಂದು ಸಹಾಯಕ ಕ್ಯುರೇಟರನಿಗೆ ಗೊತ್ತಿತ್ತು. ಎಂಟನೆಯ ಸೆಟ್ಟನ್ನು ಕಿವಿಗೆ ಹಾಕಿಕೊಂಡು ಕೆಳಗೆ ನಿಂತಿದ್ದವಳು ಅವನ ಹೆಂಡತಿ.

ಪ್ರಾಚ್ಯವಸ್ತು ಸಂಗ್ರಹಾಲಯಕ್ಕೆ ಹೊಸ ವ್ಯವಸ್ಥೆ ಬಂದಿತ್ತು. ಪ್ರತಿ ಗಾಜಿನ ಪೆಟ್ಟಿಗೆಯ ಹಿಂದೆ ಬೆಂಕಿಪೊಟ್ಟಣದಷ್ಟು ದೊಡ್ಡ ಯಂತ್ರ. ಕಿವಿಗೆ ಸೆಟ್ ಹಾಕಿಕೊಂಡವರು ಹತ್ತಿರ ಹೋದರೆ ತಂತಿಯಿಲ್ಲದೆ ವಿವರಣೆ ತಾನಾಗಿ ಶುರುವಾಗುತ್ತದೆ. ದೂರ ಸರಿದರೆ ನಿಲ್ಲುತ್ತದೆ. ಮತ್ತೆ ಹತ್ತಿರ ಬಂದರೆ ಮೊದಲಿನಿಂದ ಹೇಳುತ್ತದೆ. ಯಾರು ಎಲ್ಲಿ ಎಷ್ಟು ಹೊತ್ತು ನಿಂತರೆಂದು ಮಹಡಿಯ ಈ ಕೋಣೆಯಲ್ಲಿ ಚುಕ್ಕಿಗಳಾಗಿ ಕಾಣುತ್ತದೆ. ನಾಳೆ ಉದ್ಘಾಟನೆ. ಇವತ್ತು ಸಿಬ್ಬಂದಿಯ ಮನೆಯವರನ್ನು ಕರೆದು ಪರೀಕ್ಷೆ.

ಅವನು ಮನೆಯಲ್ಲಿ ಹೇಳಿರಲಿಲ್ಲ. ನಿರ್ದೇಶಕರ ಹೆಂಡತಿ ಫೋನು ಮಾಡಿ ಕರೆದಿದ್ದರಂತೆ.

ವಿವರಣೆಗಳನ್ನೆಲ್ಲ ಬರೆದವನು ಅವನೇ. ಓದಿದವನೂ ಅವನೇ. ಮೂರು ಜನ ವೃತ್ತಿಪರರ ದನಿ ಕೇಳಿ ನಿರ್ದೇಶಕರು ತಲೆಯಾಡಿಸಿದ್ದರು. "ಇವರೆಲ್ಲ ನಾಟಕ ಆಡ್ತಾರೆ ಕಣ್ರೀ. ನಿಮ್ಮ ದನೀಲಿ ಏನೂ ಇಲ್ಲ. ನಮಗೆ ಅದೇ ಬೇಕಾಗಿರೋದು." ಅದನ್ನು ಅವನು ಹೊಗಳಿಕೆಯೆಂದೇ ತೆಗೆದುಕೊಂಡಿದ್ದ.

ಹದಿನೇಳರಲ್ಲಿ ಮಗುವೊಂದರ ಅಸ್ಥಿಪಂಜರವಿತ್ತು. ಬಲಕ್ಕೆ ಹೊರಳಿ, ಮಂಡಿ ಮಡಚಿಕೊಂಡು, ನಿದ್ದೆಹೋದ ಹಾಗೆ. ಅದರ ವಿವರಣೆಯನ್ನು ಮಾತ್ರ ಅವನು ಏಳು ಸಲ ಬರೆದಿದ್ದ. "ವಯಸ್ಸು ಆರರಿಂದ ಏಳು ವರ್ಷ. ಸಾವಿನ ಕಾರಣ ತಿಳಿದುಬಂದಿಲ್ಲ. ಬಲಗೈಯ ಬಳಿ ಇರುವ ಮಣ್ಣಿನ ಬಟ್ಟಲು ಮಕ್ಕಳ ಅಂಗೈಯಲ್ಲಿ ಹಿಡಿಯುವಷ್ಟೇ ಇದೆ. ದಾರಿಯಲ್ಲಿ ಬಾಯಾರಿದರೆ ಇರಲಿ ಎಂದು ಮನೆಯವರು ಇಟ್ಟಿರಬೇಕು."

ಕೊನೆಯ ವಾಕ್ಯದ ಕೆಳಗೆ ನಿರ್ದೇಶಕರು ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದರು. "ಇದು ಊಹೆ. ಆಧಾರ ಎಲ್ಲಿದೆ?" ತೆಗೆಯುತ್ತೇನೆ ಎಂದಿದ್ದ. ತೆಗೆದಿರಲಿಲ್ಲ. ಹದಿನೆಂಟು ವರ್ಷದ ನೌಕರಿಯಲ್ಲಿ ಅವನು ಮೇಲಿನವರ ಮಾತು ಮೀರಿದ್ದು ಅದೊಂದೇ ಸಲ.

ಅವರ ಮಗಳು ಹೋಗಿ ಒಂದೂವರೆ ವರ್ಷವಾಗಿತ್ತು. ಆರೂವರೆ ವರ್ಷದವಳು. ನಾಲ್ಕು ದಿನದ ಜ್ವರ. ಯಾವ ಜ್ವರವೆಂದು ವೈದ್ಯರಿಗೂ ತಿಳಿಯಲಿಲ್ಲ. ಹನ್ನೆರಡನೆಯ ದಿನ ಅವನು ಕೆಲಸಕ್ಕೆ ಹಾಜರಾಗಿದ್ದ. ಗಟ್ಟಿ ಮನುಷ್ಯ ಎಂದರು ಎಲ್ಲರೂ. ಅಲ್ಲಿಂದ ಮನೆಯಲ್ಲಿ ಹಾಲು, ಬೀಗದ ಕೈ, ನೀರಿನ ಮೋಟಾರು, ಇಷ್ಟರ ಮಾತು ಮಾತ್ರ ನಡೆದಿತ್ತು. ಅವಳು ಒಂದೆರಡು ಸಲ ಮಗಳ ಹೆಸರೆತ್ತಿದಾಗ ಅವನು ಎದ್ದು ಹೋಗಿ ಕಿಟಕಿ ಮುಚ್ಚಿದ್ದ, ತೆರೆದೇ ಇರದ ಕಿಟಕಿಯನ್ನು.

ಚುಕ್ಕಿ ಹಿಂದೆ ಸರಿಯಿತು. ಮುಂದೆ ಬಂತು.

"ಹನ್ನೊಂದನೇ ಸಲ," ಎಂದ ಎಂಜಿನಿಯರ್. "ನಾಳೆ ಮಂತ್ರಿಗಳ ಮುಂದೆ ಹಿಂಗಾದ್ರೆ ಮರ್ಯಾದೆ ಹೋಗುತ್ತೆ. ಹದಿನೇಳನ್ನ ಆಫ್ ಮಾಡಿ ನೋಡ್ಲಾ ಸಾರ್?"

ಕೆಳಗೆ ಇಳಿಯಲು ಇಪ್ಪತ್ತೆರಡು ಮೆಟ್ಟಿಲು. ಅವನು ಇಳಿದು ಹೋಗಿ ಅವಳ ಪಕ್ಕ ನಿಲ್ಲಬಹುದಿತ್ತು. ಅದು ಯಂತ್ರದ ತಪ್ಪಲ್ಲ ಎಂದು ಎಂಜಿನಿಯರಿಗೆ ಹೇಳಬಹುದಿತ್ತು. ಹೇಳಿದರೆ ಯಾಕೆ ಎಂದು ಅವನು ಕೇಳುತ್ತಾನೆ.

"ಮಾಡಿ," ಎಂದ.

ಒಂದು ಗುಂಡಿ ಒತ್ತಿದ ಸದ್ದು. ಹದಿನೇಳರ ಚೌಕ ಬೂದುಬಣ್ಣಕ್ಕೆ ತಿರುಗಿತು. ಚುಕ್ಕಿ ಹಿಂದೆ ಹೋಯಿತು, ಮುಂದೆ ಬಂತು. ಮತ್ತೊಮ್ಮೆ. ಆಮೇಲೆ ಅಲ್ಲಾಡಲಿಲ್ಲ.

"ನೋಡಿ ಸಾರ್, ಸರಿಹೋಯ್ತು," ಎಂದ ಎಂಜಿನಿಯರ್.

ಆಗ ಅವನು ಇಳಿದುಹೋದ. ಹೆಂಡತಿ ಗಾಜಿಗೆ ಹಣೆ ತಾಗಿಸಿ ನಿಂತಿದ್ದಳು. ಗಾಜಿನ ಮೇಲೆ ಉಸಿರಿನ ಮಂಜು ಕಟ್ಟಿತ್ತು. ಮುಟ್ಟಬಾರದೆಂಬ ಫಲಕವಿದೆ ಎಂದು ಹೇಳಲು ಬಾಯಿ ತೆರೆದ.

"ನಿಂತುಹೋಯ್ತು," ಎಂದಳು ಅವಳು.

"ಏನು?"

"ನಿಮ್ಮ ಮಾತು."

"ಏನೋ ರಿಪೇರಿ. ನಾಳೆ ಸರಿಹೋಗುತ್ತೆ."

ಅವಳು ಗಾಜಿನಿಂದ ಹಣೆ ತೆಗೆದಳು. "ಆ ಬಟ್ಟಲಿನ ವಿಷಯ... ನೀವೇ ಬರೆದಿದ್ದಾ?"

"ಆಫೀಸಿನ ಕೆಲಸ ಅಲ್ವಾ."

"ನಾವೇನೂ ಇಡಲಿಲ್ಲ, ಅಲ್ವಾ ರೀ?"

ಪಕ್ಕದ ಪೆಟ್ಟಿಗೆಯ ಮುಂದೆ ಲೆಕ್ಕಪರಿಶೋಧಕರ ಮನೆಯವರು ಕಿವಿಯ ಸೆಟ್ ಸರಿಮಾಡಿಕೊಳ್ಳುತ್ತ ನಗುತ್ತಿದ್ದರು. ಅವನು ಆ ಕಡೆ ನೋಡಿ ತಾನೂ ಸ್ವಲ್ಪ ನಕ್ಕ.

"ಇಲ್ಲಿ ಬೇಡ," ಎಂದ.

"ಮನೇಲಿ ಹೇಳ್ತೀರಾ?"

"ಏನನ್ನ?"

ಅವಳು ಅವನ ಮುಖವನ್ನೇ ನೋಡಿದಳು, ಅಲ್ಲೂ ಒಂದು ಪೆಟ್ಟಿಗೆಯಿದೆಯೇನೋ ಎಂಬಂತೆ. "ಬಸ್ಸಿಗೆ ಹೊತ್ತಾಯ್ತು, ನಡೀರಿ," ಎಂದಳು.

ಬಸ್ಸಿನಲ್ಲಿ ಇಬ್ಬರಿಗೂ ಒಂದೇ ಸೀಟು ಸಿಕ್ಕಿತು. ಅವಳು ಕಿಟಕಿಯ ಕಡೆ. ಸಂಜೆಯ ಬಿಸಿಲು ಅವಳ ಮಡಿಲ ಮೇಲೆ ಬಿದ್ದು, ಅಂಗಡಿಗಳ ನೆರಳಿಗೆ ಹರಿದು, ಮತ್ತೆ ಬೀಳುತ್ತಿತ್ತು. ಅವನು ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಜೋಡಿಸಿದ. ಮೊದಲ ವಾಕ್ಯ ವಯಸ್ಸಿನಿಂದ ಶುರುವಾಯಿತು. ಅಳಿಸಿದ. ಎರಡನೆಯ ಸಲವೂ ಹಾಗೇ ಶುರುವಾಯಿತು.

ಮೂರನೆಯ ನಿಲ್ದಾಣದಲ್ಲಿ ಫೋನು ಬಂತು. ಎಂಜಿನಿಯರ್.

"ಸಾರ್, ಎಂಟನೇ ಸೆಟ್ ವಾಪಸ್ ಬಂದಿಲ್ಲ. ಎಲ್ಲಾ ಕಡೆ ಹುಡುಕಿದ್ವಿ."

"ನಾಳೆ ನೋಡೋಣ," ಎಂದು ಇಟ್ಟ.

ಹೆಂಡತಿಯ ಕಡೆ ತಿರುಗಿದ. ಕಿವಿಯನ್ನು ಮುಚ್ಚಿದ್ದ ಕೂದಲು ಗಾಳಿಗೆ ಹಾರಿತು. ಸೆಟ್ ಅಲ್ಲೇ ಇತ್ತು. ಅದರ ತುದಿಯ ಕೆಂಪು ದೀಪ ಮಿಟುಕುತ್ತಿತ್ತು. ಹತ್ತಿರದಲ್ಲಿ ಮಾತಾಡುವಂಥದ್ದು ಏನೂ ಸಿಗದಿದ್ದಾಗ ಅದು ಹಾಗೇ ಹುಡುಕುತ್ತಿರುತ್ತದೆ. ಅವಳು ಕಣ್ಣು ಮುಚ್ಚಿ, ಎರಡು ಬೆರಳಿಂದ ಅದನ್ನು ಕಿವಿಯ ಒಳಕ್ಕೆ ಒತ್ತಿಹಿಡಿದಿದ್ದಳು.

ಅವಳ ಭುಜಕ್ಕೂ ಅವನ ಭುಜಕ್ಕೂ ನಡುವೆ ಒಂದು ಗೇಣೂ ಇರಲಿಲ್ಲ. ದೀಪ ಮಿಟುಕುತ್ತಲೇ ಇತ್ತು.