ಮೊಣಕೈ ಅಳತೆ

ಬಟ್ಟೆ ಒಗೆಯುವ ಮಿಷಿನ್ನಿನ ಹೊಟ್ಟೆಯಲ್ಲಿ ಒಂದು ಸಿಮೆಂಟಿನ ಕಲ್ಲಿರುತ್ತದೆ. ಹೇಳಿದರೆ ಜನ ನಂಬುವುದಿಲ್ಲ. ಅಷ್ಟು ದುಡ್ಡು ಸುರಿದು ತಂದ ಪೆಟ್ಟಿಗೆಯೊಳಗೆ ಕಲ್ಲು ತುಂಬಿದ್ದಾರೆಯೇ ಎಂದು ನನ್ನನ್ನೇ ಕಳ್ಳನ ಹಾಗೆ ನೋಡುತ್ತಾರೆ. ಆದರೆ ಆ ಕಲ್ಲಿಲ್ಲದಿದ್ದರೆ ಮಿಷಿನ್ನು ತಿರುಗುವ ರಭಸಕ್ಕೆ ಕುಣಿಯುತ್ತ ಬಚ್ಚಲಿನಿಂದ ನಡುಮನೆಗೆ ಬಂದುಬಿಡುತ್ತದೆ.

ಅಂಥ ಮಿಷಿನ್ನುಗಳ ರಿಪೇರಿ ಅಂಗಡಿ ನಮ್ಮದು. ಕೆಟ್ಟದ್ದನ್ನು ಮನೆಗಳಿಂದ ಪಿಕಪ್ಪಿನಲ್ಲಿ ತರಬೇಕು, ಸರಿಯಾದದ್ದನ್ನು ವಾಪಸು ಮುಟ್ಟಿಸಬೇಕು. ಒಂದೊಂದು ಎಪ್ಪತ್ತು ಕಿಲೋ. ಹನ್ನೊಂದು ವರ್ಷದ ಹಿಂದೆ ಯಾರದೋ ಮನೆಯ ಮೆಟ್ಟಿಲ ತಿರುವಿನಲ್ಲಿ ನನ್ನ ಸೊಂಟ ಹಿಡಿಯಿತು. ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡಿ, "ಇನ್ನು ಬಗ್ಗಿ ನೆಲದಿಂದ ಏನನ್ನೂ ಎತ್ತಬೇಡಿ, ಬಿದ್ದ ಪೆನ್ನನ್ನೂ" ಎಂದರು. ಅಂದಿನಿಂದ ನಾನು ಗಾಡಿಯ ಮೇಲೆ ನಿಂತು ಎಳೆಯುವವನು. ಕೆಳಗೆ ನಿಂತು ಎತ್ತುವವಳು ನನ್ನ ಹೆಂಡತಿ.

ಅವಳು ಐದಡಿಗೆ ಎರಡು ಬೆರಳು ಕಮ್ಮಿ. ಮನೆಯೊಳಗೆಲ್ಲ ಗಾಲಿಯ ತಳ್ಳುಗಾಡಿ ಇದೆ. ಕಷ್ಟವಿರುವುದು ನೆಲದಿಂದ ಪಿಕಪ್ಪಿಗೆ ಏರಿಸುವ ಮತ್ತು ಇಳಿಸುವ ಆ ಒಂದು ಗಳಿಗೆಯಲ್ಲಿ. ಅವಳು ಮಿಷಿನ್ನನ್ನು ಗಾಡಿಗೆ ಒರಗಿಸಿ, ಬುಡಕ್ಕೆ ಎರಡೂ ಕೈ ಕೊಟ್ಟು, ಕಾಲು ಊರಿ, "ಹೂಂ" ಅನ್ನುತ್ತಾಳೆ. ಆಗ ನಾನು ಮಿಷಿನ್ನಿಗೆ ಸುತ್ತಿದ ಪಟ್ಟಿ ಹಿಡಿದು ಎಳೆಯುತ್ತೇನೆ. ಆ "ಹೂಂ" ಬರುವ ಮುಂಚೆ ಎಳೆದರೆ ಅವಳ ಬೆರಳು ಹೋದಂತೆಯೇ.

ಇಷ್ಟು ನಮ್ಮಿಬ್ಬರಿಗೂ ನಮ್ಮ ಗಿರಾಕಿಗಳಿಗೂ ಗೊತ್ತು. ಹೆಂಡತಿಯ ಕಡೆಯವರಿಗೆ ಗೊತ್ತಿಲ್ಲ. ಸೊಂಟ ಹಿಡಿದ ವರ್ಷ ಅತ್ತೆ, "ಇನ್ನು ಭಾರ ಎತ್ತೋರು ಯಾರಪ್ಪಾ?" ಎಂದು ಕೇಳಿದಾಗ, "ಇಬ್ಬರು ಆಳುಗಳನ್ನ ಇಟ್ಕೊಂಡಿದ್ದೀನಿ" ಎಂದು ಬಾಯಿಗೆ ಬಂದಿತ್ತು. ಹೆಂಡತಿ ಪಕ್ಕದಲ್ಲೇ ಇದ್ದಳು. ಅವಳು ಅಂಗಡಿಯಲ್ಲಿ ಕೂತು ಫೋನ್ ಎತ್ತುತ್ತಾಳೆ ಎಂದೂ ಸೇರಿಸಿದೆ. ಆ ಇಬ್ಬರು ಆಳುಗಳು ಹನ್ನೊಂದು ವರ್ಷದಿಂದ ನನ್ನಲ್ಲಿ ನಿಷ್ಠೆಯಿಂದ ದುಡಿಯುತ್ತಿದ್ದಾರೆ. ಒಮ್ಮೆ ಒಬ್ಬನಿಗೆ ಜ್ವರ ಕೂಡ ಬಂದಿತ್ತು.

ಹೀಗಿರುವಾಗ ನನ್ನ ಷಡ್ಡಕ ಸ್ಪ್ರಿಂಗು ಬದಲಿಸಿ ತನ್ನ ಪಿಕಪ್ಪನ್ನು ನೆಲದಿಂದ ನಾಲ್ಕು ಇಂಚು ಏರಿಸಿಕೊಂಡ. ನಾದಿನಿಯ ಗಂಡ, ನನಗಿಂತ ಒಂಬತ್ತು ವರ್ಷ ಚಿಕ್ಕವನು, ಬಣ್ಣದ ಡಬ್ಬಿಗಳ ವ್ಯಾಪಾರ. ಆ ಗಾಡಿ ಈವರೆಗೆ ಏರಿದ ಅತಿ ಕಡಿದಾದ ಜಾಗ ಅವನ ಮನೆಯ ಮುಂದಿನ ಫುಟ್‌ಪಾತು. ಭಾನುವಾರ ಅತ್ತೆಯ ಮನೆಗೆ ಊಟಕ್ಕೆ ಹೋದಾಗ ನಮ್ಮ ಎರಡು ಗಾಡಿಗಳೂ ಅಕ್ಕಪಕ್ಕ ನಿಂತಿದ್ದವು. ಅವನದು ಎದೆ ಸೆಟೆಸಿ ನಿಂತಿತ್ತು. ನನ್ನದರ ಹಿಂಭಾಗ ವರ್ಷಗಟ್ಟಲೆ ಭಾರ ಹೊತ್ತು ಕುಸಿದಿತ್ತು.

"ಅಣ್ಣಾ, ನಿಮ್ಮ ಗಾಡಿ ನೋಡಿದ್ರೆ ಅದಕ್ಕೂ ಸೊಂಟನೋವು ಅನ್ಸುತ್ತೆ" ಎಂದ ಷಡ್ಡಕ.

ಎಲ್ಲರೂ ನಕ್ಕರು. ನಾನೂ ನಕ್ಕೆ, ಎಲ್ಲರಿಗಿಂತ ಸ್ವಲ್ಪ ಹೆಚ್ಚೇ. ಮರುದಿನವೇ ಅವನು ಹೇಳಿದ ಗ್ಯಾರೇಜಿಗೆ ಹೋದೆವು. ದಾರಿ ತೋರಿಸಲು ಅವನೂ ಬಂದ. ಅಲ್ಲಿಂದ ಮುಂದೆ ಒಂದು ಮಿಷಿನ್ನು ಮುಟ್ಟಿಸಬೇಕಿದ್ದುದರಿಂದ ಹೆಂಡತಿಯೂ ಗಾಡಿಯಲ್ಲಿದ್ದಳು.

ಗ್ಯಾರೇಜಿನ ಯಜಮಾನನನ್ನು ಎಲ್ಲರೂ ಟೇಪು ಮೇಸ್ತ್ರಿ ಅನ್ನುತ್ತಿದ್ದರು. ಅರವತ್ತರ ಮನುಷ್ಯ, ಸೊಂಟದ ಬೆಲ್ಟಿನಲ್ಲಿ ಅಳತೆಯ ಟೇಪು, ಕಿವಿಯ ಮೇಲೆ ಸೀಮೆಸುಣ್ಣದ ತುಂಡು. ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಕೇಳಿದರು:

"ಎಲ್ಲಿ ಓಡಿಸ್ತೀರಿ?"

"ಎಲ್ಲಾ ಕಡೆ."

"ಕಲ್ಲು, ಕೆಸರು, ಹಳ್ಳ?"

"ಹಾಗೇನಿಲ್ಲ. ಡಾಂಬರು ರಸ್ತೆ."

"ನೀವು ಹತ್ತೋ ಅತಿ ದೊಡ್ಡ ಗುಡ್ಡ ಯಾವುದು?"

ಪ್ರಾಮಾಣಿಕವಾಗಿ ಯೋಚಿಸಿದೆ. "ಶಾಲೆ ಮುಂದಿನ ಹಂಪು."

ಮೇಸ್ತ್ರಿ ನಗಲಿಲ್ಲ. ಇಂಥ ಗಿರಿಶಿಖರಗಳ ಬಗ್ಗೆ ಅವರು ದಿನವೂ ಕೇಳುವವರು. "ರಸ್ತೆ ಗಾಡಿಗೆ ಎತ್ತರ ಅನ್ನೋದು ಉಪ್ಪಿದ್ದ ಹಾಗೆ" ಎಂದರು. "ನಿಮಗೆ ನಿಜವಾಗಿ ಬೇಕಿರೋದು ಹಿಂದಿನ ಸ್ಪ್ರಿಂಗಿಗೆ ಒಂದು ಪಟ್ಟಿ ಹೆಚ್ಚಿಗೆ. ಕುಸಿದಿರೋದು ಸಮ ಆಗುತ್ತೆ. ಚೆಂದಕ್ಕೆ ಬೇಕು ಅಂದ್ರೆ ಹೊಸ ಸ್ಪ್ರಿಂಗು, ಹೊಸ ಶಾಕು ಹಾಕಿ ಎರಡು ಇಂಚು. ನಾಲ್ಕು ಏರಿಸಿದ್ರೆ ಚಕ್ರದ ಕೋನ ತಪ್ಪುತ್ತೆ, ಟೈರು ಒಂದೇ ಕಡೆ ಸವೆಯುತ್ತೆ, ತಿರುವಲ್ಲಿ ಗಾಡಿ ವಾಲುತ್ತೆ, ಎದುರು ಬರೋರ ಕಣ್ಣಿಗೆ ಲೈಟು ಹೊಡೆಯುತ್ತೆ."

"ನಂದು ವಾಲಲ್ಲ" ಎಂದ ಷಡ್ಡಕ.

"ನೀವು ಖಾಲಿ ಓಡಿಸ್ತೀರಿ."

ನಾನು ಮೂರು ಇಂಚು ಎಂದೆ. ಎರಡಕ್ಕೂ ನಾಲ್ಕಕ್ಕೂ ನಡುವೆ ಮೂರು. ಸೊಪ್ಪಿನ ಕಟ್ಟಿಗೆ ಚೌಕಾಸಿ ಮಾಡುವಾಗ ಇದಕ್ಕಿಂತ ಹೆಚ್ಚು ತರ್ಕ ಬಳಸುತ್ತೇನೆ.

ಮೇಸ್ತ್ರಿ ರಟ್ಟಿನ ಕಾರ್ಡೊಂದರಲ್ಲಿ ಬರೆದುಕೊಂಡು, ಟೇಪು ಎಳೆದು ಹಿಡಿದರು. "ಲೋಡ್ ಎತ್ತೋರು ಯಾರು? ಬರಲಿ, ಮೊಣಕೈ ಅಳತೆ ಬೇಕು. ಗಾಡೀಲಿ ಲೋಡ್ ಇಡೋ ತಳ, ಎತ್ತೋರ ಮೊಣಕೈಗಿಂತ ಮೇಲೆ ಹೋಗ್ಬಾರ್ದು. ಮೊಣಕೈ ತನಕ ಎತ್ತೋದು ಕೆಲಸ. ಅದರ ಮೇಲೆ ಎತ್ತೋದು ಗಾಯ. ಇದಾಗದೆ ನಾನು ಸ್ಪ್ರಿಂಗಿಗೆ ಕೈ ಹಾಕಲ್ಲ."

ಹೆಂಡತಿ ಅಂಗಿಯ ತೋಳು ಸರಿಸಿಕೊಂಡು ಒಂದು ಹೆಜ್ಜೆ ಮುಂದೆ ಬಂದಿದ್ದಳು. ಕೈ ಆಗಲೇ ಅರ್ಧ ಮಡಚಿತ್ತು. ಷಡ್ಡಕ ನನ್ನ ಮುಖ ನೋಡುತ್ತಿದ್ದ.

"ಆಳುಗಳಿದ್ದಾರೆ" ಎಂದೆ ನಾನು.

ಮುಂದಿಟ್ಟ ಹೆಜ್ಜೆಯನ್ನು ಅವಳು ಹಿಂದೆ ತೆಗೆಯಲಿಲ್ಲ. ಅದೇ ಹೆಜ್ಜೆಯನ್ನು ಸ್ವಲ್ಪ ತಿರುಗಿಸಿ, ಮೂಲೆಯಲ್ಲಿ ಪೇರಿಸಿಟ್ಟ ಹಳೆಯ ಟೈರುಗಳ ಕಡೆ ನಡೆದಳು, ಮೊದಲಿನಿಂದಲೂ ಟೈರು ನೋಡಲೆಂದೇ ಹೊರಟವಳ ಹಾಗೆ. ಅಲ್ಲಿ ನಿಂತು ಸರಿಸಿದ ತೋಳನ್ನು ಕೆಳಗೆಳೆದುಕೊಂಡಳು.

"ಎಷ್ಟೆತ್ತರ ಅವರು?" ಎಂದರು ಮೇಸ್ತ್ರಿ.

"ನನ್ನಷ್ಟೇ."

ಅವರು ನನ್ನ ಮೊಣಕೈ ಅಳೆದು ಕಾರ್ಡಿನಲ್ಲಿ 'ಆಳು' ಎಂದು ಬರೆದು ಅದರ ಮುಂದೆ ಅಂಕಿ ಹಾಕಿದರು. ನನ್ನ ಕೆಲಸ ಏನೆಂದು ತಿಳಿದ ಮೇಲೆ, ತಮ್ಮ ಮನೆಯ ಮಿಷಿನ್ನೂ ಕುಣಿಯುತ್ತಿದೆ, ಒಮ್ಮೆ ಕರೆಯುತ್ತೇನೆ ಎಂದರು. ಕರೀರಿ, ನಮ್ಮದೇ ಕೆಲಸ ಎಂದೆ. ಸುಳ್ಳು ಹೇಳಿದ ಮನುಷ್ಯನಿಗೆ ಸೌಜನ್ಯ ಉಕ್ಕಿ ಬರುತ್ತದೆ.

ಮಿಷಿನ್ನು ಮುಟ್ಟಿಸಿ ಬಂದು ಸಂಜೆ ಗ್ಯಾರೇಜಿಗೆ ಬಿಟ್ಟ ಗಾಡಿ ನಾಲ್ಕನೆಯ ದಿನ ಬಂತು. ಸತ್ಯ ಹೇಳಬೇಕೆಂದರೆ ಮೊದಲ ಒಂದು ಗಂಟೆ ಬಹಳ ಸುಖವಾಗಿತ್ತು. ಕಾರುಗಳ ನೆತ್ತಿ ಕಾಣುತ್ತಿತ್ತು. ಶಾಲೆ ಮುಂದಿನ ಹಂಪನ್ನು ಎರಡು ಸಲ ದಾಟಿದೆ. ಎರಡನೆಯದಕ್ಕೆ ಕೆಲಸವೇನೂ ಇರಲಿಲ್ಲ.

ಮಧ್ಯಾಹ್ನ ಮೊದಲ ಮಿಷಿನ್ನು. ನಾನು ಮೇಲೆ ನಿಂತು ಪಟ್ಟಿ ಹಿಡಿದೆ. ನನಗೆ ಎಲ್ಲ ಎಂದಿನಂತೆಯೇ ಇತ್ತು. ಗಾಡಿಯ ಮೇಲೆ ನಿಂತವನಿಗೆ ಗಾಡಿ ಏರಿದ್ದು ಗೊತ್ತಾಗುವುದಿಲ್ಲ. ಕೆಳಗೆ ಅವಳು ಬುಡ ಎತ್ತಿದಳು, ಮೊಣಕೈ ದಾಟಿತು, ಎದೆಯ ಹತ್ತಿರ ನಿಂತಿತು. ಅಲ್ಲಿಂದ ಮುಂದಕ್ಕೆ ಕೈಯಲ್ಲಿ ಬಲವಿರುವುದಿಲ್ಲವಂತೆ. ಮುಂದೋಳನ್ನೇ ಅಡಿಗೆ ಕೊಟ್ಟು ಹೆಗಲಿನಿಂದ ನೂಕಿದಳು. ಎಷ್ಟೋ ಹೊತ್ತಿನ ಮೇಲೆ "ಹೂಂ" ಬಂತು.

ಮರುದಿನ ಗಾಡಿಯಲ್ಲಿ ಅಡುಗೆಮನೆಯ ಸ್ಟೂಲು ಇತ್ತು. "ಇದ್ಯಾಕೆ?" ಎಂದು ಕೇಳಲಿಲ್ಲ ನಾನು. ಮಿಷಿನ್ನನ್ನು ಮೊದಲು ಸ್ಟೂಲಿಗೆ, ಸ್ಟೂಲಿನಿಂದ ಗಾಡಿಗೆ. ಒಂದು ಎತ್ತುವ ಕೆಲಸ ಎರಡಾಯಿತು.

ಆ ಭಾನುವಾರ ಅತ್ತೆಯ ಮನೆಯಲ್ಲಿ ನನ್ನ ಗಾಡಿಗೆ ಒಳ್ಳೆಯ ಮರ್ಯಾದೆ ಸಿಕ್ಕಿತು. ಊಟಕ್ಕೆ ಕೂತಾಗ ನೀರಿನ ಜಗ್ಗಿಗೆ ಕೈ ಚಾಚಿದ ಹೆಂಡತಿಯ ಅಂಗಿಯ ತೋಳು ಮೇಲೆ ಸರಿಯಿತು. ಮುಂದೋಳಿಗೆ ಅಡ್ಡಲಾಗಿ ಗೆರೆ ಎಳೆದ ಹಾಗೆ ನೀಲಿ.

"ಅಯ್ಯೋ, ಇದೇನೇ ಅಕ್ಕಾ?" ಎಂದಳು ನಾದಿನಿ.

ಅವಳು ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಏನಾದರೂ ಹೇಳುತ್ತಿದ್ದೆನೋ ಏನೋ. ಹಾಗೆಂದುಕೊಳ್ಳುವುದು ನನಗೆ ಈಗಲೂ ಅಭ್ಯಾಸ.

"ಬಾಗಿಲು ಬಡೀತು" ಎಂದಳು.

"ಅಂಗಡೀಲಿ ಕೂತು ಫೋನ್ ಎತ್ತೋರಿಗೆ ಬಾಗಿಲೇ ದೊಡ್ಡ ಶತ್ರು, ಬಿಡಿ ಅಕ್ಕಾ" ಎಂದ ಷಡ್ಡಕ. ಅತ್ತೆ ನಕ್ಕರು. ನಾನು ನೀರು ಕುಡಿದೆ. ಲೋಟ ಖಾಲಿಯಾದ ಮೇಲೂ ಸ್ವಲ್ಪ ಹೊತ್ತು ಕುಡಿದೆ. ನನ್ನ ಸುಳ್ಳನ್ನು ಹೊತ್ತದ್ದೂ ಸಾಲದೆಂದು ಅವಳಿಂದ ಸ್ವಂತದ ಒಂದು ಸುಳ್ಳನ್ನೂ ಹೇಳಿಸಿದ್ದೆ.

ಎರಡು ವಾರದ ಮೇಲೆ ಮೇಸ್ತ್ರಿ ಕರೆದರು. ಅವರ ಮನೆಯಿಂದ ಮಿಷಿನ್ನನ್ನು ತರುವಾಗ ಅವರು ಗ್ಯಾರೇಜಿನಲ್ಲಿರುವ ಹೊತ್ತು ನೋಡಿ ಹೋಗಿ ಪಾರಾದೆ. ಕಲ್ಲಿನ ಬೋಲ್ಟು ಸಡಿಲವಾಗಿತ್ತು, ಬಿಗಿ ಮಾಡಿದೆ. ಆದರೆ ವಾಪಸು ಕೊಡುವಾಗ, ತಾವೇ ಇದ್ದು ನಡೆಸಿ ನೋಡಬೇಕು, ಸಂಜೆ ಆರಕ್ಕೆ ಬನ್ನಿ ಎಂದರು.

"ನೀನು ಬೇಡ ಇವತ್ತು" ಎಂದೆ ಹೆಂಡತಿಗೆ. "ಸುಸ್ತಾಗಿದ್ದೀಯ. ನಾನು ಹೇಗೋ ನೋಡ್ಕೋತೀನಿ."

ಅವಳು ಅಂಗಡಿಯ ಬಾಗಿಲು ಎಳೆಯುತ್ತಿದ್ದವಳು ತಿರುಗಿದಳು. "ಹೌದಾ? ಒಬ್ಬರೇ ಯಾಕ್ರೀ ಕಷ್ಟಪಡ್ತೀರಾ? ಆಳುಗಳನ್ನ ಕರ್ಕೊಂಡು ಹೋಗಿ. ಇಬ್ಬರಿದ್ದಾರಲ್ಲ. ಜ್ವರ ಬಿಟ್ಟಿರಬೇಕು ಇಷ್ಟು ಹೊತ್ತಿಗೆ."

ಹನ್ನೊಂದು ವರ್ಷದಲ್ಲಿ ಅವಳು ಈ ಬಗ್ಗೆ ಆಡಿದ ಮೊದಲ ಮಾತು. ಕೋಪವಿದ್ದಿದ್ದರೆ ಸಲೀಸಾಗಿತ್ತು. ಅವಳು ಇದನ್ನು ಬಹಳ ದಿನದಿಂದ ಮಡಚಿ ಇಟ್ಟುಕೊಂಡಿದ್ದವಳ ಹಾಗೆ, ಗೆರೆ ಕೂಡ ಕೆಡದ ಹಾಗೆ ಬಿಚ್ಚಿದಳು. ಮತ್ತೆ ಸ್ಟೂಲನ್ನು ಗಾಡಿಗಿಟ್ಟು, ಹತ್ತಿ ಕೂತಳು. ಹತ್ತುವುದಕ್ಕೂ ಈಗ ಬಾಗಿಲಿನ ಹಿಡಿ ಹಿಡಿದು ಜೋತಾಡಬೇಕಿತ್ತು.

ಮೇಸ್ತ್ರಿ ಮನೆಯ ಬಾಗಿಲಲ್ಲೇ ನಿಂತಿದ್ದರು. ಅವರ ಕಣ್ಣೆದುರಿಗೇ ಸ್ಟೂಲು ಇಳಿಯಿತು, ಹೆಂಡತಿ ಅದರ ಪಕ್ಕ ನಿಂತಳು, ತೋಳು ಸರಿಸಿಕೊಂಡಳು. ನೀಲಿ ಈಗ ಹಳದಿಗೆ ತಿರುಗಿತ್ತು. ಅವರು ಅದನ್ನೂ ನೋಡಿದರು.

"ಆಳುಗಳು ಬರಲಿಲ್ವಾ?" ಎಂದು ನನ್ನನ್ನು ಕೇಳಿದರು.

ಬಾಯಿ ತೆರೆದೆ. ಹೇಳಬೇಕಾದದ್ದು ನಾಲಿಗೆಯ ತುದಿಯಲ್ಲಿತ್ತು. ಹೇಳಿದ್ದು, "ಇಲ್ಲ, ಇವತ್ತು ಬರಲಿಲ್ಲ."

"ಹನ್ನೊಂದು ವರ್ಷ ಆಯ್ತು ಅಣ್ಣಾ" ಎಂದಳು ಹೆಂಡತಿ, ಮಿಷಿನ್ನಿನ ಬುಡಕ್ಕೆ ಕೈ ಕೊಡುತ್ತ. "ಇನ್ನೂ ಬಂದಿಲ್ಲ. ಹೂಂ."

ಆ "ಹೂಂ" ನನಗೆ. ಮಿಷಿನ್ನು ಇಳಿಯಿತು.

ಮೇಸ್ತ್ರಿ ನಗಬಹುದು ಎಂದುಕೊಂಡೆ, ಬಯ್ಯಬಹುದು ಎಂದೂ. ಎರಡೂ ಮಾಡಲಿಲ್ಲ. ಅವರೇ ತಪ್ಪು ಮಾಡಿದವರಂತೆ ತಲೆ ತಗ್ಗಿಸಿ, "ತಪ್ಪು ಅಳತೆ ಮೇಲೆ ಕೆಲಸ ಮಾಡಿಬಿಟ್ಟೆನಲ್ಲ ತಂಗೀ" ಎಂದರು, ಅವಳಿಗೆ. ನನಗೆ, "ನಾಳೆ ಬೆಳಿಗ್ಗೆ ಗಾಡಿ ತನ್ನಿ. ಎತ್ತೋರನ್ನೂ ಕರ್ಕೊಂಡು ಬನ್ನಿ" ಎಂದರು. ಬಚ್ಚಲಿನಲ್ಲಿ ಮಿಷಿನ್ನು ಒಂದಿಷ್ಟೂ ಅಲುಗದೆ ಓಡಿತು. ನಾನು ಅದನ್ನೇ ನೋಡುತ್ತ ನಿಂತೆ. ಬೇರೆ ಯಾರ ಮುಖವನ್ನೂ ನೋಡುವ ಹಾಗಿರಲಿಲ್ಲ.

ಮರುದಿನ ಬೆಳಿಗ್ಗೆ ಗ್ಯಾರೇಜಿನಲ್ಲಿ ಮೊದಲು ಕಂಡದ್ದು ಷಡ್ಡಕನ ಗಾಡಿ. ಮುಂದಿನ ಟೈರು ಎರಡೂ ಒಳಬದಿಯಲ್ಲಿ ಸವೆದು ನುಣ್ಣಗಾಗಿದ್ದವು. ಅವನು ಅದನ್ನು ದೇಹದಿಂದ ಮರೆಮಾಡಿ ನಿಂತಿದ್ದ.

ಮೇಸ್ತ್ರಿ ಹಳೆಯ ಕಾರ್ಡು ತೆಗೆದರು. ಹೆಂಡತಿ ಗಾಡಿಯ ಹಿಂಬದಿಗೆ ಆತು ನಿಂತು ಮೊಣಕೈ ಮಡಚಿದಳು. ಕಿವಿಯ ಮೇಲಿನ ಸುಣ್ಣದ ತುಂಡಿನಿಂದ ಅವರು ಅಲ್ಲೊಂದು ಗೆರೆ ಎಳೆದರು. ಗಾಡಿಯ ತಳಕ್ಕಿಂತ ಎರಡೂವರೆ ಇಂಚು ಕೆಳಗಿತ್ತು ಗೆರೆ. ಕಾರ್ಡಿನ ಮೇಲೆ 'ಆಳು' ಎಂಬುದನ್ನು ಹೊಡೆದುಹಾಕಿ, "ಇಲ್ಲಿ ಏನಂತ ಬರೀಲಿ?" ಎಂದು ಕೇಳಿದರು.

"ಯಾಕಣ್ಣಾ, ಇಳಿಸ್ತಿದ್ದೀರಾ?" ಎಂದು ಷಡ್ಡಕ ಅದೇ ಹೊತ್ತಿಗೆ ಹತ್ತಿರ ಬಂದ. "ಯಾರಿಗೆ ಎಟಕಲ್ಲ ಅಂತೆ? ಅಷ್ಟೆತ್ತರದ ಆಳುಗಳಿಗಾ?"

ಗಾಳಿ ತುಂಬುವ ಕಂಪ್ರೆಸರು ಗುಡುಗುಡು ಅನ್ನುತ್ತಿತ್ತು. ಅದರ ಆಸರೆಯಲ್ಲಿ, ಯಾರಿಗೂ ಪೂರ್ತಿ ಕೇಳದ ಹಾಗೆ, ಹೇಳಿದೆ.

"ಏನಂದ್ರಿ? ಕೇಳಿಸ್ಲಿಲ್ಲ."

ಮತ್ತೆ ಹೇಳಿದೆ. ಅವನು ಕಿವಿಗೆ ಕೈ ಹಚ್ಚಿದ. ಮೂರನೆಯ ಸಲ ನಾನು ಗಂಟಲು ಹರಿಯುವ ಹಾಗೆ ಕೂಗುವುದಕ್ಕೂ, ಟ್ಯಾಂಕು ತುಂಬಿ ಕಂಪ್ರೆಸರು ಥಟ್ಟನೆ ನಿಲ್ಲುವುದಕ್ಕೂ ಸರಿಹೋಯಿತು.

"ಆಳುಗಳೇ ಇಲ್ಲ ಕಣೋ! ಎತ್ತೋಳು ನಿಮ್ಮಕ್ಕ!"

ಗಾಡಿಯ ಅಡಿಯಿಂದ ಎರಡು ತಲೆ ಹೊರಬಂದವು. ಎದುರಿನ ಬೇಕರಿಯವನು ಕೂಡ ಈ ಕಡೆ ನೋಡಿದ. ಷಡ್ಡಕನ ಮುಖದಲ್ಲಿ ನಗು ಸಿದ್ಧವಾಗಿತ್ತು, ಆದರೆ ಅವನ ಕಣ್ಣು ಅವಳ ತೋಳಿಗೆ ಹೋಯಿತು, ನಗು ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಅಲ್ಲೇ ಉಳಿಯಿತು.

"ಬಾಗಿಲು ಅಂದ್ರಲ್ಲ ಅಕ್ಕಾ" ಎಂದ, ಬಹಳ ಮೆತ್ತಗೆ.

ಅವಳು ಇನ್ನೂ ಮೊಣಕೈ ಮಡಚಿಕೊಂಡೇ ನಿಂತಿದ್ದಳು. "ಕೈ ಇಳಿಸ್ಲಾ?" ಎಂದು ಮೇಸ್ತ್ರಿಯನ್ನು ಕೇಳಿದಳು.

ಮೇಸ್ತ್ರಿ ಕಾರ್ಡು ಹಿಡಿದು ನನ್ನತ್ತಲೇ ನೋಡುತ್ತಿದ್ದರು. "ಹೆಂಡತಿ" ಎಂದೆ. ಅವರು ಬರೆದುಕೊಂಡರು.

"ಇಳಿಸಿ ತಂಗೀ" ಎಂದರು.