ಕರೆವ್ವನ ಗುಡ್ಡದ ಕಲ್ಲು

"ಬಾಯಿ ತಗೀ. ಇನ್ನೂ ಅಗಲ. ನಾಲಿಗಿ ಮ್ಯಾಲೆತ್ತು. ಎತ್ತಲೇ ಮುದುಕಿ, ಮಂದೀನ ಬೈಯೂಮುಂದ ಛಲೋ ಏಳತೈತಲ್ಲ ಅದು!"

ಸೂಪರ್‌ವೈಸರ್ ಗುರುಶಿದ್ದಪ್ಪ ಹುಲಿಗೆವ್ವನ ಬಾಯೊಳಗೆ ಬ್ಯಾಟರಿ ಬಿಟ್ಟು ಬಗ್ಗಿ ನೋಡಿದ. ಎಲೆಅಡಿಕೆಯ ಕೆಂಪು ಬಿಟ್ಟರೆ ಅಲ್ಲಿ ಏನೂ ಇರಲಿಲ್ಲ. ಹಿಂದೆ ನಿಂತಿದ್ದ ಜರೀನಾ ಆಗಲೇ ತುರುಬು ಬಿಚ್ಚಿ ಕೂದಲು ಕೊಡವಿಕೊಂಡು ತಯಾರಾಗಿದ್ದಳು. ಕೂದಲು, ಬಾಯಿ, ಸೆರಗಿನ ಗಂಟು, ಬುತ್ತಿಯ ಡಬ್ಬಿ. ದಿನಾ ಸಂಜೆ ಇದೇ ಪೂಜೆ.

ತಾರಿಹಾಳದ ಆ ಶೆಡ್ಡಿಗೆ ಬರುತ್ತಿದ್ದದ್ದು ಬರೇ ಕಲ್ಲು. ಕಲಘಟಗಿಯ ಆಚೆ, ಗಾಡಿ ಹೋಗದ ಕಾಡಿನೊಳಗೆ ಕರೆವ್ವನ ಗುಡ್ಡ. ಅದರ ಹೊಟ್ಟೆಯಲ್ಲಿ ಬಂಗಾರವಿದೆಯೋ ಇಲ್ಲವೋ ನೋಡಲು ಕಂಪನಿಯವರು ಮಷೀನು ಬಿಚ್ಚಿ ಹೊರಿಸಿಕೊಂಡು ಹೋಗಿ ಆಳಕ್ಕೆ ಕೊರೆಯುತ್ತಿದ್ದರು. ಕೊರೆದಾಗ ಮೇಲೆ ಬರುವ, ಲಟ್ಟಣಿಗೆಯಂಥ ದುಂಡು ಕಲ್ಲುಗಳನ್ನು ಪೆಟ್ಟಿಗೆಗಳಲ್ಲಿ ಹೊಂದಿಸಿ ಕೂಲಿಗಳು ಹೆಗಲ ಮೇಲೆ ಕೆಳಗಿಳಿಸಿದರೆ, ಅಲ್ಲಿಂದ ಜರೀನಾಳ ಸೋದರಮಾವ ದಸ್ತಗೀರಸಾಬ ಲಾರಿಯಲ್ಲಿ ತಂದು ಹಾಕುತ್ತಿದ್ದ. ಹೆಂಗಸರು ಅವನ್ನು ತೊಳೆದು, ಗರಗಸದ ಮಷೀನಿನಲ್ಲಿ ಉದ್ದಕ್ಕೆ ಸೀಳಿ, ಅರ್ಧವನ್ನು ಪರೀಕ್ಷೆಗೆ ಎತ್ತಿಟ್ಟು ಉಳಿದರ್ಧವನ್ನು ಪೆಟ್ಟಿಗೆಗೆ ಮರಳಿಸಬೇಕು. ಸೀಳುವಾಗ ಏಳುವ ಬೂದು ಹುಡಿ ಹುಬ್ಬು, ಕಿವಿ, ಮೂಗಿನೊಳಗೆ ಕೂತು, ಸಂಜೆಯ ಹೊತ್ತಿಗೆ ಎಲ್ಲರೂ ಒಂದೇ ವಯಸ್ಸಿನ ಮುದುಕಿಯರಾಗುತ್ತಿದ್ದರು.

ಹುಲಿಗೆವ್ವ ಆ ಗುಡ್ಡದ ಬುಡದವಳೇ. ಮಷೀನಿಗೆಂದು ಅಲ್ಲಿಯ ಹಳ್ಳದ ನೀರು ಎಳೆದುಕೊಂಡು ಕೆಸರನ್ನು ತಿರುಗಿ ಅದರಲ್ಲೇ ಬಿಟ್ಟರು. ಅವಳ ಆಡುಗಳು ಆ ನೀರನ್ನು ಮೂಸಿ ನೋಡಿ ಹಿಂದೆ ಸರಿದವು. ಆಡು ಮಾರಿ ಅವಳು ತಾರಿಹಾಳಕ್ಕೆ ಬಂದಳು.

"ನನ್ನ ಗುಡ್ಡದ ಕರುಳ ತಗದು ನನ್ನ ಕೈಲೇ ತೊಳಸಾಕತ್ತಾರ ನೋಡ, ಭಾಡ್ಯಾಗೋಳು!" ಎಂದು ಅವಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಅವಳು ನಕ್ಕರೆ ಜರೀನಾಳಿಗೂ ತಡೆಯಲು ಆಗುತ್ತಿರಲಿಲ್ಲ. ಬೈಯಬೇಕಾದ ಕಡೆಯಲ್ಲೆಲ್ಲ ನಗುವ ಹುಚ್ಚು ಅವರಿಬ್ಬರಿಗೂ ಹತ್ತಿತ್ತು.

ಒಂದು ಸಂಜೆ ಗೇಟಿನಲ್ಲಿ ಬುಶ್ರಾಳನ್ನು ತಡೆದರು. ಮದುವೆಯಾಗಿ ಇನ್ನೂ ವರ್ಷ ತುಂಬದ ಹುಡುಗಿ. ತಡವರಿಸಿ ನಡೆಯುತ್ತಿದ್ದದ್ದನ್ನು ಗುರುಶಿದ್ದಪ್ಪ ಕಂಡಿದ್ದ.

"ಏನ ಕಟಗೊಂಡೀ ಒಳಗ?"

"ಸಾಹೇಬ್ರ, ಆಕೀ ಮುಟ್ಟಾಗ್ಯಾಳ್ರಿ," ಎಂದಳು ಜರೀನಾ.

"ನಿನಗ್ಯಾರು ಕೇಳಿದ್ರಲೇ? ಮುಟ್ಟು ಅಂತ ಎಲ್ಲಾರೂ ಅಂತಾರ. ತಗಡಿನ ಹಿಂದ ಹೋಗಿ ಬಿಚ್ಚಿ ತಂದಿಡು. ಕಲ್ಲಿದ್ರ ನಮಗ, ಬಟ್ಟಿ ಇದ್ರ ನಿನಗ."

ವಾಚ್‌ಮನ್ ಕಿಸಕ್ಕೆಂದ. ಬುಶ್ರಾ ತಗಡಿನ ಹಿಂದೆ ಹೋದಳು. ಹಳೆಯ ಪೇಪರಿನ ಮೇಲೆ ತಂದಿಟ್ಟಳು. ಗುರುಶಿದ್ದಪ್ಪ ಕೋಲಿನಿಂದ ಹೊರಳಿಸಿ ನೋಡಿ, ಕೋಲನ್ನು ಬೇಲಿಯಾಚೆ ಒಗೆದು ಕೈ ತೊಳೆಯಲು ಹೋದ. ಆ ಸಂಜೆ ಹುಲಿಗೆವ್ವನಿಗೂ ನಗು ಬರಲಿಲ್ಲ.

ಮರುದಿನ ಊಟದ ಹೊತ್ತಿಗೆ ಜರೀನಾ ಸುಕನ್ಯಾಳ ಮೇಜಿನ ಹತ್ತಿರ ಹೋದಳು. ಕಲ್ಲಿನ ವಿದ್ಯೆ ಓದಿ ಹೊಸದಾಗಿ ಕಂಪನಿ ಸೇರಿದ್ದ ಹುಡುಗಿ ಅವಳು, ಸಪ್ತಾಪುರದ ಬಾಡಿಗೆ ಕೋಣೆಯಿಂದ ಸ್ಕೂಟಿಯಲ್ಲಿ ಬರುತ್ತಿದ್ದಳು.

"ಮೇಡಂ, ಇದರಾಗ ಬಂಗಾರ ಎಲ್ಲಿ ಕುಂತಿರತೈತ್ರಿ? ಇಷ್ಟ ತೊಳದ್ರೂ ನಮಗೊಮ್ಮೆನೂ ಕಂಡಿಲ್ಲ."

"ಈ ಕಲ್ಲಾಗ ಅದು ಕಣ್ಣಿಗೆ ಕಾಣೂದಿಲ್ರಿ ಅಕ್ಕಾರ," ಎಂದಳು ಸುಕನ್ಯಾ. "ಒಂದು ಟ್ರ್ಯಾಕ್ಟರ್ ಕಲ್ಲು ಕುಟ್ಟಿ ಹಿಟ್ಟು ಮಾಡಿ, ಕೆಮಿಕಲ್‌ನ್ಯಾಗ ಸೋಸಿದ್ರ ಒಂದು ಮೂಗುತಿ ಆತಂದ್ರ ಪುಣ್ಯಾ."

ಹುಲಿಗೆವ್ವ ರೊಟ್ಟಿ ಅಗಿಯುವುದನ್ನು ನಿಲ್ಲಿಸಿದಳು. "ಅಂದ್ರ, ಮೂಗುತಿಯಷ್ಟು ಕದೀಬೇಕಂದ್ರ ನಾ ಬಾಯಾಗ ಒಂದ ಟ್ರ್ಯಾಕ್ಟರ್ ಇಟಗೊಂಡ ಹೋಗ್ಬೇಕು?"

"ಟ್ರಾಲಿ ಸಮೇತ!" ಎಂದಳು ಜರೀನಾ.

ಅಷ್ಟೇ ಸಾಕಾಯಿತು. ಹುಲಿಗೆವ್ವ ಟ್ರ್ಯಾಕ್ಟರ್ ನುಂಗಿದವರಂತೆ ಗಲ್ಲ ಉಬ್ಬಿಸಿ ಬುರ್ರೆಂದಳು. ಜರೀನಾಳಿಗೆ ನೀರು ನೆತ್ತಿಗೇರಿತು. ಶೆಡ್ಡಿನ ತುಂಬ ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು.

"ಮತ್ತ ಆ ಹಾಟ್ಯಾ ದಿನಾ ಏನ ಹುಡಕತಾನ?" ಯಾರೋ ಕೇಳಿದರು.

"ಅವಗ ಗೊತ್ತೈತಿ, ಏನೂ ಇಲ್ಲಂತ," ಎಂದಳು ಮೂಲೆಯಲ್ಲಿದ್ದ ಬುಶ್ರಾ. "ಹೌದಲ್ರಿ ಮೇಡಂ?"

ಸುಕನ್ಯಾ ತಲೆ ತಗ್ಗಿಸಿದಳು. "ಎಲ್ಲಾರಿಗೂ ಗೊತ್ತೈತ್ರಿ."

ಆ ವಾರವೇ ದುಡ್ಡು ಹಾಕುವ ಮಂದಿ ಮುಂಬೈಯಿಂದ ಬಂದರು. ಹೊಸ ಬಿಳಿ ಹೆಲ್ಮೆಟ್ಟು, ಕರ್ಚೀಫು ಮೂಗಿಗೆ. ಗುರುಶಿದ್ದಪ್ಪ ಇಸ್ತ್ರಿಯ ಅಂಗಿ ತೊಟ್ಟು ಬಾಗಿ ಬಾಗಿ ನಡೆದ. ಒಬ್ಬೊಬ್ಬರ ಕೈಗೂ ಗುಡ್ಡದ ಕಲ್ಲಿನ ಹೊಳಪು ಕೊಟ್ಟ ತುಂಡೊಂದನ್ನು ಮಖಮಲ್ಲಿನ ಪೆಟ್ಟಿಗೆಯಲ್ಲಿಟ್ಟು ಕಾಣಿಕೆ ಕೊಟ್ಟ. ಬುಶ್ರಾ ಜರೀನಾಳ ಮೊಣಕೈ ತಿವಿದಳು. ಜರೀನಾ ಹುಲಿಗೆವ್ವನತ್ತ ನೋಡಿದಳು. ಮೂವರೂ ಮಷೀನು ಬಂದ್ ಮಾಡಿ ಹೊರಟರು. ಉಳಿದವರು ಏನೆಂದು ಕೇಳದೆ ಹಿಂದೆ ನಡೆದರು.

ಕಾರು ಗೇಟಿಗೆ ಬಂದಾಗ ಗೇಟು ಹಾಕಿತ್ತು. ಅಡ್ಡಕ್ಕೆ ಸಾಲಾಗಿ ಹೆಂಗಸರು, ಮೈತುಂಬ ಬೂದು ಹುಡಿ.

"ಏ, ಏನ ನಡಸೀರಿ? ಸರೀರಲೇ ರಂಡೇರಾ!" ಗುರುಶಿದ್ದಪ್ಪ ಓಡಿ ಬಂದ.

"ಚೆಕಿಂಗ್ ಐತ್ರಿ ಸಾಹೇಬ್ರ," ಎಂದಳು ಜರೀನಾ. ಗೋಡೆಯ ಮೇಲೆ ಅವನೇ ಬರೆಸಿದ್ದ ಅಕ್ಷರಗಳನ್ನು ತೋರಿಸಿದಳು: ಹೊರಹೋಗುವ ಪ್ರತಿಯೊಬ್ಬರ ತಪಾಸಣೆ ಕಡ್ಡಾಯ. ಆಮೇಲೆ ಕಾರಿನ ಕಿಟಕಿಗೆ ಬಗ್ಗಿ, ಅದನ್ನೇ ಮುಂಬೈಯವರಿಗೆ ಹಿಂದಿಯಲ್ಲಿ ನಯವಾಗಿ ತಿಳಿಸಿದಳು. ನಗು ಗಂಟಲಿಗೆ ಬಂದು ನಿಂತಿತ್ತು.

ಸುಕನ್ಯಾ ಹಿಂದಿನಿಂದ ಬಂದು ಹೆಲ್ಮೆಟ್ಟು ತೆಗೆದಳು. "ಮೊದಲ ನನ್ನ ನೋಡ್ರಿ," ಎಂದು ತಾನೇ ಜಡೆ ಬಿಚ್ಚಿದಳು.

ಅದನ್ನು ಕಂಡು ಮುಂಬೈಯವರಿಗೆ ಇದು ನಿಜವಾದ ನಿಯಮವೇ ಇರಬೇಕು ಎನ್ನಿಸಿತೋ ಏನೋ, ಒಬ್ಬೊಬ್ಬರಾಗಿ ಇಳಿದರು. ವಿಮಾನದ ಹೊತ್ತಾಗುತ್ತಿತ್ತು. ಹುಲಿಗೆವ್ವ ಒಬ್ಬನ ಕಾಲುಚೀಲ ಜಾಡಿಸಿದಳು, ಇನ್ನೊಬ್ಬನ ಕಿಸೆ ಹೊರಳಿಸಿದಳು. ಮಖಮಲ್ಲಿನ ಪೆಟ್ಟಿಗೆಗಳು ಒಂದೊಂದಾಗಿ ಹೊರಬಂದವು.

"ಕಲ್ಲ ಕದ್ದಾರವ್ವಾ ಇವರು!"

ಹುಲಿಗೆವ್ವ ಹೇಳಿದಂತೆ ಕೊನೆಯ ದಪ್ಪ ಸಾಹೇಬ ಬಾಯಿ ತೆರೆದ. ಒಳಗೆ, ಬಲದವಡೆಯಲ್ಲಿ, ಝಗ್ಗನೆ ಹೊಳೆಯಿತು.

"ಯವ್ವಾ! ಬಂಗಾರ! ಸಿಕ್ತಲೇ!" ಹುಲಿಗೆವ್ವ ಕೇಕೆ ಹಾಕಿದಳು. "ಹಲ್ಲಿನಾಗ ಇಟಗೊಂಡಾನ! ನಮ್ಮ ಗುಡ್ಡದ್ದೋ ಏನೋ, ಬಿಡಬ್ಯಾಡ್ರಿ!"

ಜರೀನಾ ನಗುತ್ತ ನೆಲಕ್ಕೆ ಕೂತೇಬಿಟ್ಟಳು. ಬುಶ್ರಾ ಮಾತ್ರ ಗುರುಶಿದ್ದಪ್ಪನ ಎದುರಿಗೆ ಹೋಗಿ ನಿಂತಳು.

"ನಿಮ್ಮದ ಉಳೀತ್ರಿ. ಅಂಗಿ ತಗೀರಿ."

"ನಿಮ್ಮವ್ವನ..." ಎಂದು ಅವನು ಕೈ ಎತ್ತಿದ.

"ಜಲ್ದಿ ಉತಾರೋ ಯಾರ್!" ದಪ್ಪ ಸಾಹೇಬ ಕೈಗಡಿಯಾರ ನೋಡುತ್ತ, ಬೇಗ ಬಿಚ್ಚೆಂದು ಗದರಿದ.

ಎತ್ತಿದ ಕೈ ಕೆಳಗಿಳಿದು ಗುಂಡಿಗೆ ಹೋಯಿತು. ಇಸ್ತ್ರಿಯ ಅಂಗಿಯೊಳಗೆ ಬನಿಯನ್ನು ಎರಡು ಕಡೆ ಹರಿದಿತ್ತು. ಬುಶ್ರಾ ಅಂಗಿಯನ್ನು ತಿರುವಿ ಮುರುವಿ ನೋಡಿ ಅವನ ಹೆಗಲ ಮೇಲೇ ಹಾಕಿ, ಗೇಟು ತೆಗೆದಳು. ಕಾರು ಹೋಯಿತು.

"ಒಬ್ಬಾಕೀನೂ ನಾಳಿ ಬರಬ್ಯಾಡ್ರಿ! ಪೊಲೀಸರನ್ನ ಕರಸತೇನಿ, ಒಳಗ ಹಾಕಸತೇನಿ!" ಗುರುಶಿದ್ದಪ್ಪನ ದನಿ ಒಡೆದಿತ್ತು. ಅವನು ಫೋನು ಒತ್ತತೊಡಗಿದ.

ಅಷ್ಟರಲ್ಲಿ ಗೇಟಿನ ಹೊರಗೆ ಹಾರ್ನ್. ಹೊಸ ಪೆಟ್ಟಿಗೆಗಳನ್ನು ಹೇರಿಕೊಂಡು ದಸ್ತಗೀರಸಾಬನ ಲಾರಿ ಬಂದು ನಿಂತಿತ್ತು.

"ಏನಾತಲೇ ಜರೀನಾ?"

"ಕೆಲಸಾ ಹೋತು ಮಾಮು!" ಹಬ್ಬದ ಸುದ್ದಿಯಂತೆ ಕೂಗಿದಳು.

ಹುಲಿಗೆವ್ವ ಆಗಲೇ ಲಾರಿಯ ಗಾಲಿಯ ಮೇಲೆ ಕಾಲಿಟ್ಟಿದ್ದಳು. "ಇಳಸಬ್ಯಾಡೋ ಸಾಬಣ್ಣಾ. ಗಾಡಿ ತಿರುವು. ಎಲ್ಲಿಂದ ತಂದೀ ಅಲ್ಲೇ ಸುರುವಿ ಬರೂಣು."

ದಸ್ತಗೀರಸಾಬ ಅವಳನ್ನು ನೋಡಿದ, ಪೆಟ್ಟಿಗೆಗಳನ್ನು ನೋಡಿದ, ಅರ್ಧ ಗುಂಡಿ ಹಾಕಿದ ಗುರುಶಿದ್ದಪ್ಪನನ್ನು ನೋಡಿದ. ಬೀಡಿ ಒಗೆದ.

"ಡೀಸೆಲ್ ಕಂಪನೀದ ಐತಿ. ಹತ್ರಿ."

ಹೆಂಗಸರು ಒಬ್ಬರನ್ನೊಬ್ಬರು ಎಳೆದುಕೊಂಡು ಹತ್ತಿದರು. ಸ್ಕೂಟಿಯ ಪಕ್ಕ ನಿಂತಿದ್ದ ಸುಕನ್ಯಾ ಕೈ ಚಾಚಿದಾಗ ಜರೀನಾ ಅವಳನ್ನೂ ಮೇಲಕ್ಕೆಳೆದುಕೊಂಡಳು. ಲಾರಿ ಬೈಪಾಸಿಗೆ ಏರಿ ಕಲಘಟಗಿಯ ಕಡೆಗೆ ಹೊರಳಿತು. ಗಾಳಿಗೆ ಎಲ್ಲರ ಮೈಯಿಂದ ಬೂದು ಹುಡಿ ಹಾರಿ ಹಿಂದೆ ಹೊಗೆಯಂತೆ ಎದ್ದಿತು. ದೂರದಲ್ಲಿ ಪೊಲೀಸ್ ಜೀಪಿನ ಸದ್ದು ಹುಟ್ಟಿ ಹತ್ತಿರವಾಗತೊಡಗಿತು.

"ಲಗೂ ಹೊಡಿ ಮಾಮು!" ಪೆಟ್ಟಿಗೆಯ ಮೇಲೆ ಎದ್ದು ನಿಂತು ಬುಶ್ರಾ ಕೂಗಿದಳು.