ಸೋಪಿನ ಅಂಗಡಿಯಲ್ಲಿ ಸಿಗಡಿ

ಲಾಂಡ್ರಿಯ ಕಿಟಕಿ ಪಕ್ಕದ ಮೂಲೆಯ ಮೇಲೆ ಗಂಡ ಹೆಂಡತಿ ಇಬ್ಬರಿಗೂ ಕಣ್ಣಿತ್ತು.

ಹೆಂಡತಿಗೆ ಅಲ್ಲಿ ಹೊಲಿಗೆ ಮಿಷನ್ನು ಇಡಬೇಕಿತ್ತು. ಇಸ್ತ್ರಿಗೆ ಬರುವ ಬಟ್ಟೆಗಳಲ್ಲಿ ಜಿಪ್ಪು ಕೆಟ್ಟ ಪ್ಯಾಂಟು, ಅಂಚು ಬಿಚ್ಚಿದ ಲಂಗ, ಉದ್ದ ಹೆಚ್ಚಾದ ತೋಳು ಇವೆಲ್ಲ ಇದ್ದೇ ಇರುತ್ತಿದ್ದವು. ಅವನ್ನು ಮಡಚಿ ಪಕ್ಕದ ಬೀದಿಯ ದರ್ಜಿಗೆ ಕಳಿಸುವಾಗಲೆಲ್ಲ ಅವಳ ಹೊಟ್ಟೆ ಉರಿಯುತ್ತಿತ್ತು. ಹೊಲಿಗೆ ಅವಳಿಗೂ ಬರುತ್ತದೆ, ಆದರೆ ಸೂಜಿಗೆ ದಾರ ಪೋಣಿಸಲು ಬೆಳಕು ಬೇಕು. ಬೆಳಕು ಇರುವುದು ಅದೊಂದೇ ಮೂಲೆಯಲ್ಲಿ.

ಗಂಡನಿಗೆ ಅಲ್ಲಿ ಗಾಜಿನ ತೊಟ್ಟಿ ಇಟ್ಟು ಕೆಂಪು ಸಿಗಡಿ ಸಾಕಬೇಕಿತ್ತು.

ಆ ಮೂಲೆಗೆ ಗಂಡನ ಹುಚ್ಚುಗಳು ಹೊಸತಲ್ಲ. ಮೊದಲು ಗಿಳಿ ಬಂತು, ಬಾಗಿಲು ತೆರೆದದ್ದೇ ತಡ ಹಾರಿಹೋಯಿತು. ಆಮೇಲೆ ಬಟ್ಟಲಿನಲ್ಲಿ ಬೆಳೆಸುವ ಕುಳ್ಳ ಮರ ಬಂತು, ಇಸ್ತ್ರಿಯ ಆವಿಗೆ ಬೆಂದು ಸೊಪ್ಪಾಯಿತು. ಆಮೇಲೆ ಗಿಟಾರು. ಅದು ಈಗಲೂ ಹ್ಯಾಂಗರುಗಳ ಸಾಲಿನ ಕೊನೆಯಲ್ಲಿ ಪ್ಲಾಸ್ಟಿಕ್ ಕವರು ಹೊದ್ದು ನೇತಾಡುತ್ತದೆ, ಯಾರೋ ಒಯ್ಯಲು ಮರೆತ ಕೋಟಿನ ಹಾಗೆ. ಹೆಂಡತಿ ಅದಕ್ಕೊಂದು ನಂಬರಿನ ಚೀಟಿಯನ್ನೂ ಸಿಕ್ಕಿಸಿದ್ದಾಳೆ.

ಸಿಗಡಿಯ ಮಾತು ಬಂದಾಗ ಅವಳು ಜಗಳವಾಡಲಿಲ್ಲ. ಕರಾರು ಹಾಕಿದಳು. ಚಳಿಗಾಲದ ಉಣ್ಣೆ ಬಟ್ಟೆಗಳ ಕೆಲಸ ಮುಗಿಯುವ ತನಕ ತೊಟ್ಟಿಯಲ್ಲಿ ಒಂದು ಸಿಗಡಿಯೂ ಸಾಯದೆ ಉಳಿದರೆ ಮೂಲೆ ಗಂಡನದು, ಅವಳು ಮತ್ತೆ ಬಾಯಿ ಬಿಡುವುದಿಲ್ಲ. ಒಂದು ಸತ್ತರೂ ತೊಟ್ಟಿ ಖಾಲಿ, ಮಿಷನ್ನು ಒಳಗೆ. ಅತ್ತೆ ಸಾಕ್ಷಿ.

ಅತ್ತೆ ಅಂದರೆ ಗಲ್ಲಾದ ಪಕ್ಕ ಕುಳಿತು ಕಾಲರುಗಳಿಗೆ ಚೀಟಿ ಸಿಕ್ಕಿಸುವ ಅವನ ತಾಯಿ. ಲಾಂಡ್ರಿ ಕಟ್ಟಿದವಳೇ ಅವಳು. ಅವಳ ಕಾಲ ಬಳಿ ಗುಂಡಿಗಳ ಡಬ್ಬಿಯೊಂದು ಸದಾ ಇರುತ್ತದೆ. ಒಗೆಯುವಾಗ ಯಾರದಾದರೂ ಗುಂಡಿ ಉದುರಿದರೆ ಅಂಥದ್ದೇ ಇನ್ನೊಂದನ್ನು ಹುಡುಕಿ, ಗಿರಾಕಿ ಬರುವ ಮೊದಲೇ ಹೊಲಿದುಬಿಡಬೇಕು, ಯಾರಿಗೂ ಹೇಳಬಾರದು. ಇದು ಅವಳ ಅಂಗಡಿಯ ಕಟ್ಟಳೆ. ಹೇಳಿದರೆ ಗಿರಾಕಿಗೆ ಗುಂಡಿ ಹೋದ ಬೇಜಾರು, ಹೇಳದಿದ್ದರೆ ಯಾರಿಗೂ ಏನೂ ಇಲ್ಲ ಅನ್ನುವುದು ಅವಳ ಲೆಕ್ಕ. ಮಗನನ್ನೂ ಸೊಸೆಯನ್ನೂ ಹಾಗೇ ಪಳಗಿಸಿದ್ದಳು.

ತೊಟ್ಟಿ ಬಂದದ್ದು ಎದುರು ಸಾಲಿನ ಬಣ್ಣದ ಮೀನಿನ ಅಂಗಡಿಯಿಂದ. ಆ ಅಂಗಡಿಯವನನ್ನು ಬೀದಿಯವರೆಲ್ಲ ಗುಳ್ಳೆಯಣ್ಣ ಅನ್ನುತ್ತಿದ್ದರು, ಅವನ ಅಂಗಡಿಯ ಮೂಲೆಮೂಲೆಯಲ್ಲೂ ಏನಾದರೂ ಗುಳುಗುಳು ಎನ್ನುತ್ತಲೇ ಇರುತ್ತಿತ್ತು. ಸಿಗಡಿ ಸಾಕುವುದೆಂದರೆ ಮೊದಲು ನೀರು ಸಾಕುವುದು ಎಂದು ಅವನು ಲಾಂಡ್ರಿಯವನಿಗೆ ಪಾಠ ಮಾಡಿದ. ಜಲ್ಲಿಯನ್ನು ಬರೀ ನೀರಿನಲ್ಲಿ ತೊಳೆಯಬೇಕು. ನಲ್ಲಿ ನೀರನ್ನು ಬಕೆಟ್ಟಿನಲ್ಲಿ ಇಟ್ಟು ಔಷಧಿಯ ವಾಸನೆ ಹೋಗಲು ಬಿಡಬೇಕು. ಸ್ಪಂಜಿನ ಫಿಲ್ಟರು ಹಾಕಿ, ಮರದ ತುಂಡಿಗೆ ಹಸಿರು ಪಾಚಿ ಗಿಡ ಕಟ್ಟಿ ಮುಳುಗಿಸಬೇಕು. ಆಮೇಲೆ ವಾರಗಟ್ಟಲೆ ಏನೂ ಮಾಡದೆ ಸುಮ್ಮನಿರಬೇಕು, ಕೊಳೆಯನ್ನು ತಿನ್ನುವ ಕಣ್ಣಿಗೆ ಕಾಣದ ಜೀವಗಳು ಸ್ಪಂಜಿನಲ್ಲಿ ಮನೆ ಮಾಡುವ ತನಕ. ಮುಖ್ಯವಾಗಿ, ಸೋಪು ತಾಗಿಸಕೂಡದು. ಸೋಪಿನ ಕೈ ಅದ್ದಿದರೂ ಸಿಗಡಿ ಸಾಯುತ್ತದೆ.

ಇದನ್ನು ಕೇಳಿ ಹೆಂಡತಿಗೆ ನಗು ತಡೆಯಲಾಗಲಿಲ್ಲ. ಮೂಲೆ ಗೆದ್ದೆನೆಂದು ಅವಳು ಆವತ್ತೇ ಕಿಟಕಿಯ ಅಗಲ ಅಳೆದುಕೊಂಡಳು.

ಆದರೆ ಗಂಡ ಬದಲಾಗಿಬಿಟ್ಟ. ಯಾವುದಕ್ಕೂ ಕಾಯದವನು ನೀರಿಗೆ ಕಾದ. ದಿನಾ ಬೆಳಿಗ್ಗೆ ಸಣ್ಣ ಶೀಶೆಯಲ್ಲಿ ತೊಟ್ಟಿಯ ನೀರು ಹಿಡಿದು, ಪರೀಕ್ಷೆಯ ಹನಿ ಬಿಟ್ಟು, ನೀರು ಹದವಾಯಿತೇ ಎಂದು ಬಣ್ಣ ನೋಡುತ್ತಿದ್ದ. ಇಸ್ತ್ರಿಗೆ ಕೊಟ್ಟು ಹೋಗಲು ಬಂದವರು ಖಾಲಿ ತೊಟ್ಟಿ ನೋಡಿ, ಏನಣ್ಣ ನೀರನ್ನೂ ಒಗೆದು ಆರಿಸ್ತಿದ್ದೀಯಾ ಎಂದು ಕೇಳಿದರು. ಗಾಜಿಗೆ ಕಂದು ಲೋಳೆ ಹತ್ತಿದಾಗ ಅತ್ತೆಯ ಕೈ ತುರಿಸಿತು. ಜೀವಮಾನವೆಲ್ಲ ಕಲೆ ತೆಗೆದ ಹೆಂಗಸು, ಕಣ್ಣೆದುರು ಕೊಳೆ ಬೆಳೆಯುವುದನ್ನು ನೋಡಿಕೊಂಡು ಕೂರುವುದು ಹೇಗೆ? ಅದೇ ಸಿಗಡಿಗಳ ಊಟ ಎಂದು ಮಗ ತೊಟ್ಟಿಗೆ ಅಡ್ಡ ನಿಂತ. ಅವಳು ಕುರ್ಚಿಯನ್ನೇ ತಿರುಗಿಸಿಕೊಂಡು ಕುಳಿತಳು.

ಕೊನೆಗೆ ಸಿಗಡಿಗಳು ಬಂದವು. ಅವನ್ನು ಒಮ್ಮೆಲೇ ಸುರಿಯಬಾರದಂತೆ. ಬಟ್ಟಲಿನಲ್ಲಿಟ್ಟು ತೆಳು ಕೊಳವೆಯಿಂದ ತೊಟ್ಟಿಯ ನೀರನ್ನು ಹನಿಹನಿಯಾಗಿ ಬಿಟ್ಟು ಒಗ್ಗಿಸಬೇಕಂತೆ. ಮಧ್ಯಾಹ್ನವೆಲ್ಲ ಅವನು ಬಟ್ಟಲಿನ ಪಕ್ಕ ಕೂತಿದ್ದ, ಆಸ್ಪತ್ರೆಯಲ್ಲಿ ಬಾಟಲಿ ಹಾಕಿಸಿಕೊಂಡ ನೆಂಟರ ಪಕ್ಕ ಕೂತ ಹಾಗೆ. ಸಂಜೆಗೆ ಮೆಣಸಿನಕಾಯಿ ಚೂರುಗಳಂಥ ಕೆಂಪು ಜೀವಗಳು ಮರದ ತುಂಡಿನ ಮೇಲೆ ಕುಳಿತು ಎರಡೂ ಕೈಯಲ್ಲಿ ಗಬಗಬ ಮೇಯತೊಡಗಿದವು. ಅವನ ಮುಖ ನೋಡಿ ಹೆಂಡತಿ ಬೇರೆ ಕಡೆ ತಿರುಗಿದಳು. ಮದುವೆಯಾದ ಹೊಸತರಲ್ಲಿ ಕಂಡಿದ್ದ ಮುಖ ಅದು.

ಕೆಲವು ದಿನ ಕಳೆದು, ಅಂಗಡಿ ತೆರೆಯುವಾಗ ಅವಳಿಗೆ ಜಲ್ಲಿಯ ಮೇಲೆ ಒಂದು ಸಿಗಡಿ ಬಿದ್ದದ್ದು ಕಂಡಿತು. ಬಿಳಿಚಿಕೊಂಡಿತ್ತು, ಬೆನ್ನು ಬಾಗಿತ್ತು, ಅಲುಗಾಡಲಿಲ್ಲ. ಮೀಸೆಯಿಂದ ಬಾಲದ ತನಕ ಎಲ್ಲ ಇತ್ತು, ಜೀವ ಒಂದಿರಲಿಲ್ಲ.

ಮೂಲೆ ಅವಳದಾಗಿತ್ತು. ಕೂಗಿದರೆ ಸಾಕು. ಗಂಡ ಒಳಗೆ ಬಕೆಟ್ಟಿನ ನೀರನ್ನು ಮೂಸಿ ನೋಡುತ್ತ ಹಾಡು ಗುನುಗುತ್ತಿದ್ದ. ಅವಳು ಒಳಗೆ ಇಣುಕಿ ಅವನ ಬೆನ್ನು ನೋಡಿದಳು. ಆಮೇಲೆ ಟೀ ಜರಡಿಯಿಂದ ಹೆಣವನ್ನು ಎತ್ತಿ, ಚೀಟಿಯಲ್ಲಿ ಸುತ್ತಿಕೊಂಡು ರಸ್ತೆ ದಾಟಿದಳು.

ಗುಳ್ಳೆಯಣ್ಣ ಚೀಟಿ ಬಿಡಿಸಿ ನೋಡಿದ. ಅವನಿಗೆ ಒಂದೇ ನೋಟಕ್ಕೆ ಗೊತ್ತಾಯಿತು, ಅದು ಹೆಣವಲ್ಲ. ಬೆಳೆಯುವ ಸಿಗಡಿ ಬಿಗಿಯಾದ ಹಳೆಯ ಚಿಪ್ಪನ್ನು ಕಳಚಿ ಬಿಡುತ್ತದೆ, ಹಾವು ಪೊರೆ ಬಿಟ್ಟ ಹಾಗೆ. ಚಿಪ್ಪು ಇಲ್ಲಿ, ಸಿಗಡಿ ಅಲ್ಲೇ ತೊಟ್ಟಿಯಲ್ಲಿ ಕ್ಷೇಮ. ಹೇಳಲು ಬಾಯಿ ತೆರೆದ.

"ಏನೂ ಹೇಳಬೇಡ," ಎಂದಳು ಅವಳು. "ಇದೇ ಅಳತೆದು, ಇದೇ ಬಣ್ಣದ್ದು ಒಂದು ಕೊಡು. ಯಾರ ಹತ್ತಿರಾನೂ ಬಾಯಿ ಬಿಡಬಾರದು, ನನ್ನ ಹತ್ತಿರಾನೂ ಕೂಡ."

ಗುಳ್ಳೆಯಣ್ಣ ವ್ಯಾಪಾರಿ, ಗಿರಾಕಿಯ ಮಾತು ಮೀರುವವನಲ್ಲ. ಬಾಯಿ ಮುಚ್ಚಿಕೊಂಡು ಸಿಗಡಿ ಹಿಡಿದುಕೊಟ್ಟ.

ಅದೇ ವಾರ ಅವನ ಅಂಗಡಿಗೆ ಅತ್ತೆ ಬಂದಳು, ಸೆರಗಿನ ತುದಿಯಲ್ಲಿ ಗಂಟು ಕಟ್ಟಿಕೊಂಡು. ಗಂಟಿನಲ್ಲಿ ಇನ್ನೊಂದು ಚಿಪ್ಪು. ಸೊಸೆಗೆ ಮಿಷನ್ನು ಸಿಗಲಿ ಎಂದು ಅವಳಿಗೂ ಆಸೆಯಿತ್ತು, ಆದರೆ ಮಗ ಇದೇ ಮೊದಲ ಸಲ ಹಿಡಿದ ಕೆಲಸ ಬಿಡದೆ ಮಾಡುತ್ತಿದ್ದಾನೆ, ಒಂದು ಹುಳ ಸತ್ತಿತೆಂದು ಅದು ನಿಲ್ಲುವುದು ಬೇಡ ಎಂದಳು. ಗುಳ್ಳೆಯಣ್ಣ ಈ ಸಲವೂ ಬಾಯಿ ತೆರೆದ. ದೊಡ್ಡವರು ಹೇಳುವಾಗ ನಡುವೆ ಬಾಯಿ ಹಾಕಬೇಡ ಎಂದು ಬೈಸಿಕೊಂಡು ಮುಚ್ಚಿದ.

ಮೂರನೆಯವನು ಗಂಡನೇ. ಅವನು ಮೀನಿನ ಅಂಗಡಿಗೆ ಬಂದದ್ದು ಇಸ್ತ್ರಿ ಮಾಡಿದ ಬಟ್ಟೆ ತಲುಪಿಸುವ ನೆಪದಲ್ಲಿ, ಜೇಬಿನಲ್ಲಿ ಬೆಂಕಿಪೆಟ್ಟಿಗೆ. ಪೆಟ್ಟಿಗೆಯಲ್ಲಿ ಚಿಪ್ಪು, ಹತ್ತಿಯ ಮೇಲೆ ಮಲಗಿಸಿದ್ದ. ಕಣ್ಣು ತುಂಬಿತ್ತು. ಏನನ್ನೂ ಕೇಳುವ ಸ್ಥಿತಿಯಲ್ಲಿರಲಿಲ್ಲ. ನನ್ನ ಹೆಂಡತಿಗೆ ಗೊತ್ತಾದರೆ ಮುಗೀತು, ಬೇಗ ಒಂದು ಕೊಡು ಅಂದ. ಗುಳ್ಳೆಯಣ್ಣ ಈ ಸಲ ಬಾಯಿ ತೆರೆಯುವ ಶ್ರಮವನ್ನೂ ತೆಗೆದುಕೊಳ್ಳಲಿಲ್ಲ.

ಸಿಗಡಿಗಳು ಬೆಳೆಯುತ್ತ ಹೋದವು, ಚಿಪ್ಪು ಬಿಡುತ್ತ ಹೋದವು. ಮೊದಲು ಯಾರ ಕಣ್ಣಿಗೆ ಬಿತ್ತೋ ಅವರು ಮೆಲ್ಲಗೆ ರಸ್ತೆ ದಾಟಿದರು. ಎಡೆಬಿಡದೆ ಓಡಾಡುವ, ಪಾಚಿಯ ಮರೆಗೆ ಅಡಗುವ ಅವನ್ನು ಎಣಿಸಿದವರಿಲ್ಲ. ಆದರೂ ತೊಟ್ಟಿ ಕೆಂಪಾಗುತ್ತ ಬಂದದ್ದು ಕುರುಡನಿಗೂ ಕಾಣುವಂತಿತ್ತು. ತನ್ನ ಆರೈಕೆಗೆ ಮರಿ ಹಾಕಿವೆ ಎಂದು ಗಂಡ ಗಿರಾಕಿಗಳ ಮುಂದೆ ಎದೆಯುಬ್ಬಿಸಿದ. ಮರಿಗಳು ಹುಟ್ಟುತ್ತಲೇ ಅಷ್ಟುದ್ದ ಇರುತ್ತವೆಯೇ ಎಂದು ಯಾರೋ ಕೇಳಿದರು. ಅದಕ್ಕೆ ಹೆಂಡತಿಯೇ ಎದ್ದು, ಒಳ್ಳೆ ನೀರಿನಲ್ಲಿ ಹಾಗೇ, ಬೇಗ ಬೆಳೀತವೆ ಎಂದು ಉತ್ತರ ಕೊಟ್ಟಳು. ಅತ್ತೆ ಹೌದೆಂದು ತಲೆಯಾಡಿಸಿದಳು. ಆ ಮನೆಯಲ್ಲಿ ಅಷ್ಟು ಒಗ್ಗಟ್ಟು ಹಿಂದೆಂದೂ ಇರಲಿಲ್ಲ.

ಉಣ್ಣೆ ಬಟ್ಟೆಗಳು ಮುಗಿಯುತ್ತ ಬಂದ ಕಾಲಕ್ಕೆ ಗುಳ್ಳೆಯಣ್ಣ ತಾನೇ ಲಾಂಡ್ರಿಗೆ ಬಂದ, ಕೈಯಲ್ಲಿ ಕೋಟು ಹಿಡಿದು. ಅವನ ತಮ್ಮನ ಮದುವೆಯಿತ್ತು, ಕೋಟು ಮರುದಿನ ಸಂಜೆಗೆ ಬೇಕಿತ್ತು. ಅತ್ತೆ ಕಾಲರಿಗೆ ಚೀಟಿ ಸಿಕ್ಕಿಸಿದಳು. ಹೊರಡುವ ಮುನ್ನ ಅವನು ತೊಟ್ಟಿಗೆ ಬಗ್ಗಿ, ಮಾರಿದವನ ಹೆಮ್ಮೆಯಿಂದ ಎಲ್ಲವನ್ನೂ ನೋಡಿದ. ಉಳಿದ ಮೂವರೂ ಬಂದು ನಿಂತರು.

ಆಗಲೇ ಮರದ ತುಂಡಿನ ಮೇಲಿದ್ದ ದೊಡ್ಡ ಸಿಗಡಿಯೊಂದು ಬಿಲ್ಲಿನ ಹಾಗೆ ಬೆನ್ನು ಬಾಗಿಸಿತು. ತಲೆಗೂ ಮೈಗೂ ನಡುವೆ ಬಿರುಕು ಬಿಟ್ಟಿತು. ಪಟ್ಟನೆ ಒಂದು ನೆಗೆತ. ಕೆಂಪಾದದ್ದೇನೋ ಪಾಚಿಯ ಹಿಂದೆ ಮರೆಯಾಯಿತು. ಬಿಳಿಚಿದ ಮೈಯೊಂದು ಮೀಸೆ, ಕಾಲು ಸಮೇತ ನಿಧಾನವಾಗಿ ಜಲ್ಲಿಗೆ ಇಳಿಯಿತು.

ಮೂವರ ಗಮನವೂ ಮೊದಲು ಹೋದದ್ದು ಇಳಿದದ್ದರ ಕಡೆಗೆ. ಮೂರು ಕೈ ಒಟ್ಟಿಗೆ ಮುಂದೆ ಬಂದವು. ಹೆಂಡತಿಯ ಕೈಯಲ್ಲಿ ಗಂಜಿ ಪುಡಿ ಡಬ್ಬಿಯ ಹಿಂದಿನಿಂದ ತೆಗೆದ ಟೀ ಜರಡಿ. ಅತ್ತೆಯ ಕೈಯಲ್ಲಿ ಗುಂಡಿ ಡಬ್ಬಿಯಿಂದ ತೆಗೆದ, ದಾರ ಕೀಳುವ ಚಿಮಟ. ಗಂಡನ ಕೈಯಲ್ಲಿ ಅಂಗಿಯ ತೋಳಿನೊಳಗೆ ಬಚ್ಚಿಟ್ಟಿದ್ದ ಪುಟ್ಟ ಬಲೆ. ಮೂರೂ ತೊಟ್ಟಿಯ ಬಾಯಲ್ಲಿ ಒಂದಕ್ಕೊಂದು ಸಿಕ್ಕಿಕೊಂಡವು.

ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಕೊನೆಗೆ ಅತ್ತೆ, ಕಣ್ಣು ಗಾಜಿಗೆ ಹತ್ತಿಸಿಕೊಂಡೇ ಕೇಳಿದಳು: "ಸತ್ತದ್ದು ಇಲ್ಲಿದೆ. ಹಾಗಾದರೆ ಅಲ್ಲಿಗೆ ಓಡಿದ್ದು ಯಾರು?"

"ಅದು ಬಟ್ಟೆ ಬದಲಾಯಿಸ್ತು ಅಷ್ಟೇ, ದೊಡ್ಡಮ್ಮ," ಎಂದ ಗುಳ್ಳೆಯಣ್ಣ. "ಬೆಳೆದ ಹಾಗೆ ಹಳೇದು ಬಿಗಿಯಾಗುತ್ತೆ, ಬಿಟ್ಟು ಬರುತ್ತೆ. ಹೊಸದು ಗಟ್ಟಿಯಾಗೋ ತನಕ ಎಲ್ಲಾದರೂ ಅಡಗಿರುತ್ತೆ. ಇಷ್ಟು ದಿನ ನೀವೆಲ್ಲ ನನಗೆ ತಂದು ತೋರಿಸಿದ್ದು ಹಳೇ ಬಟ್ಟೆ."

ಎಲ್ಲ ಎಂದರೆ ಯಾರು ಯಾರು ಎಂದು ಹೆಂಡತಿ ಕೇಳಿದಳು. ಗುಳ್ಳೆಯಣ್ಣ ಮೂರು ಬೆರಳು ಎತ್ತಿದ. ಗೊತ್ತಿದ್ದೂ ಯಾಕೆ ಹೇಳಲಿಲ್ಲ ಎಂದು ಗಂಡ ಮೈಮೇಲೆ ಹೋದ. ಒಬ್ಬರು ಹೇಳಬೇಡ ಅಂದರು, ಒಬ್ಬರು ಬೈದರು, ನೀನು ಅಳುತ್ತಿದ್ದೆ, ಯಾವಾಗ ಹೇಳಲಿ ಎಂದ ಗುಳ್ಳೆಯಣ್ಣ. ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಮುಖದಲ್ಲಿ ನಗು ಮಾತ್ರ ಬೇಕಾದ್ದಕ್ಕಿಂತ ಹೆಚ್ಚಿತ್ತು.

ಅವನು ಹೋದ ಮೇಲೆ ಜಗಳ ಹತ್ತಿತು, ಆದರೆ ತಲೆಕೆಳಗಾಗಿ. ಒಂದೂ ಸತ್ತಿಲ್ಲ, ಗೆದ್ದದ್ದು ನೀವು, ಮೂಲೆ ನಿಮ್ಮದು ಎಂದು ಹೆಂಡತಿ ಹಟ ಹಿಡಿದಳು. ಸತ್ತಿತೆಂದೇ ತಿಳಿದು ಬಚ್ಚಿಟ್ಟೆ, ಸೋತದ್ದು ನಾನು, ಮಿಷನ್ನು ತಂದಿಡು ಎಂದು ಗಂಡ ಹಟ ಹಿಡಿದ.

"ನಿನಗೆ ಮೂಲೆ ಬೇಕಿತ್ತಲ್ಲ. ನೀನು ಯಾಕೆ ಬಚ್ಚಿಟ್ಟೆ?" ಎಂದು ಕೇಳಿದ.

ಅವಳು ಜರಡಿಯನ್ನು ಸೆರಗಿನಲ್ಲಿ ಒರೆಸಿದಳು. "ಗುಂಡಿ ಹೋಗಿತ್ತು ರೀ. ಹೊಲಿದೆ."

ಇಬ್ಬರ ವಾದವೂ ಮುಗಿಯುವ ಲಕ್ಷಣ ಕಾಣದೆ ಅತ್ತೆಯೇ ಎದ್ದು ಹೋಗಿ ತೊಟ್ಟಿಯ ಗಾಜು ಮುಟ್ಟಿದಳು. ಬಿಸಿಲು ಬಿದ್ದ ಕಡೆ ಬೆಚ್ಚಗಿತ್ತು. ಬಾಗಿಲಿಗೆ ಹೋಗಿ ರಸ್ತೆಯಾಚೆ ಕೂಗಿ ಕೇಳಿದಳು, ಈ ಸಿಗಡಿಗಳಿಗೆ ಬಿಸಿಲು ಒಳ್ಳೆಯದೇನಪ್ಪಾ ಎಂದು. ಒಳ್ಳೆಯದಲ್ಲ, ನೀರು ಕಾಯುತ್ತೆ, ತಂಪು ಜಾಗವೇ ವಾಸಿ ಎಂದು ಅಲ್ಲಿಂದ ಉತ್ತರ ಬಂತು. ಇದನ್ನೂ ಯಾಕೆ ಮೊದಲೇ ಹೇಳಲಿಲ್ಲ ಅಂದರೆ, ಯಾರೂ ಕೇಳಲಿಲ್ಲವಂತೆ.

ಅಲ್ಲಿಗೆ ಮೂಲೆಯ ತಕರಾರು ಮುಗಿಯಿತು. ನೀರನ್ನು ಬಕೆಟ್ಟುಗಳಿಗೆ ತೆಗೆದು, ತೊಟ್ಟಿಯನ್ನು ಗಲ್ಲಾದ ಪಕ್ಕಕ್ಕೆ, ಅತ್ತೆಯ ಕೈಗೆಟುಕುವಲ್ಲಿಗೆ ಸಾಗಿಸಿದರು. ಕಂದು ಲೋಳೆಯನ್ನು ಮುಟ್ಟುವುದಿಲ್ಲ ಎಂದು ಮಗ ಅವಳಿಂದ ಮಾತು ತೆಗೆದುಕೊಂಡ. ಕಿಟಕಿಯ ಬೆಳಕಿಗೆ ಮರುದಿನವೇ ಮಿಷನ್ನು ಬಂತು. ಮೊದಲ ಕೆಲಸವಾಗಿ ಅವಳು ಗುಳ್ಳೆಯಣ್ಣನ ಕೋಟಿನ ಬಿಚ್ಚಿದ ಒಳಬಟ್ಟೆಯನ್ನು ಹೊಲಿದಳು. ಆಮೇಲೆ ಅತ್ತೆ ಸೊಸೆ ತಲೆಗೆ ತಲೆ ಕೂಡಿಸಿ ಏನೋ ಮಾತಾಡಿಕೊಂಡರು.

ಸಂಜೆ ಗುಳ್ಳೆಯಣ್ಣ ಬಂದ. ಹೆಂಡತಿ ಹ್ಯಾಂಗರೊಂದನ್ನು ಎರಡೂ ಕೈಯಲ್ಲಿ ತಂದು ಕೊಟ್ಟಳು. ಹ್ಯಾಂಗರಿಗೆ ಪ್ಲಾಸ್ಟಿಕ್ ಕವರು, ಕವರಿಗೆ ಚೀಟಿ, ಚೀಟಿಯಲ್ಲಿ ಅವನದೇ ನಂಬರು. ಕವರಿನೊಳಗೆ ಏನೂ ಇರಲಿಲ್ಲ. ಅವನು ಅದನ್ನು ದೀಪಕ್ಕೆ ಹಿಡಿದು ನೋಡಿದ, ಹಿಂದೆ ಮುಂದೆ ತಿರುಗಿಸಿ ನೋಡಿದ.

"ಗಾಬರಿಯಾಗಬೇಡ, ಸತ್ತಿಲ್ಲ," ಎಂದಳು ಅವಳು. "ಕೋಟು ಬೆಳೀತು. ಹಳೇದು ಬಿಟ್ಟು ಹೋಗಿದೆ. ಗಟ್ಟಿಯಾಗೋ ತನಕ ಎಲ್ಲೋ ಅಡಗಿರುತ್ತೆ, ತಾನಾಗೇ ಹೊರಗೆ ಬರುತ್ತೆ."

"ಅಕ್ಕಾ, ಮದುವೆ ನಾಳೆ ಬೆಳಿಗ್ಗೆ."

ಗಂಡ ಆಗಲೇ ಬಟ್ಟೆಗಳ ಹಿಂದೆ ಹೋಗಿ ನಿಂತು ಬಾಯಿಗೆ ಕೈ ಅಡ್ಡ ಹಿಡಿದಿದ್ದ. ಅತ್ತೆ ಚೀಟಿ ಸಿಕ್ಕಿಸುತ್ತ ತಲೆಯೆತ್ತದೆ ಹೇಳಿದಳು: "ಅಷ್ಟು ಅವಸರ ಇದ್ದರೆ ಇದೇ ಅಳತೆದು ಇನ್ನೊಂದು ಕೊಂಡುಕೊಳ್ಳಪ್ಪ. ನಾವು ಯಾರಿಗೂ ಹೇಳಲ್ಲ."

ಬೇಕಾದಷ್ಟು ಹೊತ್ತು ಕಾಯಿಸಿದ ಮೇಲೆ ಕೋಟು ಹೊರಗೆ ಬಂತು, ಗಿಟಾರಿನ ಕವರಿನೊಳಗಿನಿಂದ. ಗುಳ್ಳೆಯಣ್ಣ ಅದನ್ನು ಎದೆಗವಚಿಕೊಂಡು, ಬೈಯುವುದೋ ನಗುವುದೋ ತಿಳಿಯದೆ ಎರಡನ್ನೂ ಮಾಡುತ್ತ ರಸ್ತೆ ದಾಟಿದ. ಒಗೆಯುವಾಗ ಅದರ ತೋಳಿನ ಒಂದು ಗುಂಡಿ ಉದುರಿ ಮೋರಿ ಸೇರಿತ್ತು. ಆ ಜಾಗದಲ್ಲಿ ಈಗ ಅಂಥದ್ದೇ ಇನ್ನೊಂದಿತ್ತು. ಮದುವೆ ಮುಗಿದು ಕೋಟು ಮತ್ತೆ ಪೆಟ್ಟಿಗೆ ಸೇರುವ ತನಕವೂ ಅದು ಅವನಿಗೆ ಗೊತ್ತಾಗಲಿಲ್ಲ.